ಊರು ಗೆದ್ದರೂ ಒಪ್ಪದ ಅಕ್ಕಯಮ್ಮನ ಮನೆ

ನೆನೆದ ಅವರೆಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿಯುತ್ತದೆ, ಬೇಳೆ ಪುಟಿದು ಬೋಗುಣಿಗೆ ಬೀಳುತ್ತದೆ. ಅಕ್ಕಯಮ್ಮ ಬೋಗುಣಿಯ ಕಡೆ ನೋಡುವುದೇ ಇಲ್ಲ. ಅವರ ಕಣ್ಣು ಒಲೆಯ ಮೇಲಿನ ಎಸರಿನ ಮೇಲಿದೆ, ಕಿವಿ ಪಕ್ಕದ ಕೋಣೆಯ ಮೇಲಿದೆ. ಧನುರ್ಮಾಸದ ಮಂಜು ಮತ್ತಿಗಿರಿಯ ಬೀದಿಯನ್ನು ಹಿಂಜಿದ ಹತ್ತಿ ತುಂಬಿದ ಹಾಗೆ ಮುಚ್ಚಿಕೊಂಡಿದೆ. ಎದುರುಮನೆಯ ಎಮ್ಮೆ ಕೂಗಿದ್ದು ಕೇಳುತ್ತದೆ, ಎಮ್ಮೆ ಕಾಣುವುದಿಲ್ಲ. ಕೋಣೆಯೊಳಗೆ ಐದು ಕಂಬಳಿಗಳ ಕೆಳಗೆ ಐದು ಹುಡುಗರು.

"ಏಳ್ರಲಾ. ಸೂರ್ಯ ಎದ್ದು ಮೊಖ ತೊಳ್ಕಂಡವ್ನೆ."

"ಎಲ್ಲವ್ನಜ್ಜಿ ಸೂರ್ಯ, ಬರೀ ಮಂಜೇ ಕಾಣ್ತೈತೆ," ಎನ್ನುತ್ತದೆ ಒಂದು ಕಂಬಳಿ.

"ಮಂಜಿನ ಹಿಂದೆ ಅವ್ನೆ. ಹಾಕಿ ಆಟದಾಗೆ ಗೋಲು ಕಾಯೋ ಗೋಲಿಯ ಹಿಂದೆ ಗೋಲು ಇರಾಕಿಲ್ವಾ, ಹಂಗೆ. ನಿಂಗೆ ಅದೂ ಕಾಣಾಕಿಲ್ಲ, ಇದೂ ಕಾಣಾಕಿಲ್ಲ."

ಉಳಿದ ನಾಲ್ಕು ಕಂಬಳಿಗಳು ನಗುತ್ತವೆ. ನಕ್ಕ ಮೇಲೆ ನಿದ್ದೆ ನಿಲ್ಲುವುದಿಲ್ಲ. ಐವರೂ ಎದ್ದು ಹಂಡೆಯ ಹತ್ತಿರ ಹೋಗುತ್ತಾರೆ. ಅಕ್ಕಯಮ್ಮ ಮತ್ತೊಂದು ಹಿಡಿ ಕಾಳು ತೆಗೆದುಕೊಳ್ಳುತ್ತಾರೆ.

ಈ ಹುಡುಗರು ತಳಿ ಊರಿನ ಕಡೆಯ, ಗುಡ್ಡದ ಮೇಲಿನ ಹಳ್ಳಿಗಳವರು. ಹಾಕಿ ಅಭ್ಯಾಸ ನಡೆಯುವುದು ಹೊಸೂರಿನ ಪಕ್ಕದ ಈ ಮತ್ತಿಗಿರಿಯ ಬಯಲಿನಲ್ಲಿ, ಅದೂ ಶಾಲೆ ಶುರುವಾಗುವ ಮುಂಚೆ. ಅಷ್ಟು ಹೊತ್ತಿಗೆ ಮೇಲಿನಿಂದ ಇಳಿಯುವ ಬಸ್ಸೂ ಇಲ್ಲ, ಜೀಪೂ ಇಲ್ಲ. ಹಾಗಾಗಿ ದೀಪಾವಳಿ ಕಳೆದ ಮೇಲೆ ಐದಾರು ಹುಡುಗರು ಬಂದು ಈ ಮನೆ ಸೇರಿದರೆ ಹಿಂದಿರುಗುವುದು ಸಂಕ್ರಾಂತಿಯ ಪಂದ್ಯಾವಳಿ ಮುಗಿದ ಮೇಲೆಯೇ. ಪಂದ್ಯಾವಳಿಯ ವಾರದಲ್ಲಿ ಹೊರಊರಿನಿಂದ ಬಂದ ಒಂದು ಪೂರಾ ತಂಡ, ಹದಿನಾರು ಜನ, ಇದೇ ಮನೆಯಲ್ಲಿ ಇಳಿಯುತ್ತದೆ. ಅಡಿಗೆ, ನೀರು, ಹಾಸಿಗೆ, ಕಾಲು ಉಳುಕಿದರೆ ಪಟ್ಟು, ಜ್ವರ ಬಂದರೆ ಗಂಜಿ, ಎಲ್ಲ ಅಕ್ಕಯಮ್ಮನದು. ಆಟಗಾರರ ಹೆಸರು ಮೈಕಿನಲ್ಲಿ ಕೇಳಿದವರುಂಟು, ಕಮಿಟಿಯವರ ಹೆಸರು ಕರಪತ್ರದಲ್ಲಿ ಓದಿದವರುಂಟು. ಈ ಹೆಸರು ಎಲ್ಲೂ ಬಂದಿಲ್ಲ.

"ಬರಾದ್ ಬ್ಯಾಡ," ಎನ್ನುತ್ತಾರೆ ಅವರು. "ಬಂದಿದ್ ಒಂದ್ಸಲವೇ ಸಾಕಾಗೈತೆ." ಆ ಒಂದು ಸಲದ ಕಥೆ ಮುಂದೆ ಬರುತ್ತದೆ.

ಮನೆ ದೊಡ್ಡದು, ಅಂದವೇನಿಲ್ಲ. ಉದ್ದಕ್ಕೆ ನಾಡಹೆಂಚು, ಮುಂದೆ ಪಡಸಾಲೆ, ಹಿಂದೆ ಅಡಿಗೆಮನೆ, ನಡುವೆ ರೇಷ್ಮೆ ಹುಳು ಸಾಕುವ ಕೋಣೆ. ಚಳಿಗಾಲಕ್ಕೆ ಸೊಪ್ಪು ಬಡವಾಗುತ್ತದೆ, ಹುಳ ಇಡುವುದಿಲ್ಲ. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ, ನೆಲ ಸಾರಿಸಿ, ಹುಲ್ಲು ಹರಡಿ, ಅದರ ಮೇಲೆ ಚಾಪೆ ಹಾಸಿದರೆ ಇಪ್ಪತ್ತು ಜನ ಕಾಲು ಚಾಚಿ ಮಲಗಬಹುದು. ಹುಳದ ಕೋಣೆಗೆ ಗಾಳಿ ಬೇಕು, ಚಳಿ ಕೂಡದು. ಹುಡುಗರಿಗೂ ಅಷ್ಟೇ. "ಹುಳಾನೂ ಒಂದೇ, ಈ ಹುಡುಗ್ರೂ ಒಂದೇ. ಹೊತ್ತುಹೊತ್ತಿಗೆ ಹಾಕ್ತಾ ಇರಬೇಕು, ಹಾಕ್ದಷ್ಟೂ ಮೇಯ್ತಾವೆ. ಹುಳ ಸದ್ದು ಮಾಡಾಕಿಲ್ಲ, ಅಷ್ಟೇ ವ್ಯತ್ಯಾಸ."

ಪಂದ್ಯಾವಳಿಯ ವಾರ ದಿನಕ್ಕೆ ಆರೇಳು ಸೇರು ರಾಗಿಹಿಟ್ಟು ಮುದ್ದೆಗೆ ಹೋಗುತ್ತದೆ, ಅಕ್ಕಿ ಅದರ ಮೇಲೆ. ಬಾವಿಯಿಂದ ಸೇದುವ ನೀರಿನ ಲೆಕ್ಕ ಇಟ್ಟವರಿಲ್ಲ, ಹಗ್ಗ ಮಾತ್ರ ವರ್ಷಕ್ಕೊಂದು ಸವೆಯುತ್ತದೆ. ಸೌದೆಗೆ ಕಾರ್ತೀಕದಿಂದಲೇ ಹಿಪ್ಪುನೇರಳೆ ಕಡ್ಡಿ ಒಟ್ಟುತ್ತಾರೆ. ತಳಿಯ ಹುಡುಗರ ತಾಯಂದಿರು ಬಸ್ಸಿನ ಮೇಲೆ ರಾಗಿ, ಕುಂಬಳಕಾಯಿ, ಒಂದೊಂದು ಸಲ ಒಂದು ಬುಟ್ಟಿ ಅವರೆ ಕಳಿಸುತ್ತಾರೆ. ಉಳಿದದ್ದು ಈ ಮನೆಯ ಹೊಲದ್ದು.

ಅಕ್ಕಯಮ್ಮ ಹುಟ್ಟಿದ್ದು ತಳಿಯಾಚೆಯ ಒಂದು ಹಳ್ಳಿಯಲ್ಲಿ. ಮತ್ತಿಗಿರಿಯ ನರಸಿಂಹಪ್ಪನವರನ್ನು ಮದುವೆಯಾಗಿ ಬಂದಾಗ ಮೈಗೆ ಸೀರೆ ನಿಲ್ಲುವ ವಯಸ್ಸೂ ಅಲ್ಲ. ಈಗ ಅರುವತ್ತರ ಹತ್ತಿರ. ಹಾಕಿ ಎಂಬ ಆಟವನ್ನು ಅವರು ಮೊದಲು ಕಂಡದ್ದು 1973ರಲ್ಲಿ, ಪಂದ್ಯಾವಳಿ ಶುರುವಾದ ವರ್ಷ. ಹೊರಊರಿನ ತಂಡಗಳಿಗೆ ಮನೆ ಹುಡುಕಿಕೊಂಡು ಕಮಿಟಿಯವರು ಬೀದಿಬೀದಿ ತಿರುಗಿದರು. ಯಾವ ಜಾತಿಯವರೋ ಏನೋ ಎಂದು ಒಬ್ಬರು, ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ ಎಂದು ಇನ್ನೊಬ್ಬರು ಬಾಗಿಲು ಹಾಕಿಕೊಂಡರು. ಹುಳದ ಕೋಣೆ ಖಾಲಿಯಿದೆಯಲ್ಲ ಎಂದು ಅಕ್ಕಯಮ್ಮ ಚಾಪೆ ಹಾಸಿದರು.

ಹದಿನಾರು ಹುಡುಗರೂ ಒಂದೇ ಸಾಲಿನಲ್ಲಿ ಉಂಡದ್ದನ್ನು ನೋಡಿ ಆ ವರ್ಷ ನೆಂಟರಿಷ್ಟರು ಯುಗಾದಿಗೆ ಈ ಮನೆಯಲ್ಲಿ ಎಲೆ ಹಾಕಿಸಿಕೊಳ್ಳಲಿಲ್ಲ. ನಾದಿನಿಯೇ ಬಂದು ಬಾಗಿಲಲ್ಲಿ ನಿಂತು ಕೇಳಿದರಂತೆ, ಯಾರ್ಯಾರು ಏನೇನು ಅಂತ ವಿಚಾರಿಸಬಾರದಿತ್ತಾ ಎಂದು.

"ವಿಚಾರಿಸ್ದೆ," ಎನ್ನುತ್ತಾರೆ ಅಕ್ಕಯಮ್ಮ. "ಒಬ್ಬ ಗೋಲಿಯಂತೆ, ಇಬ್ರು ಬ್ಯಾಕಂತೆ, ಮೂರು ಜನ ಹಾಫಂತೆ, ಮಿಕ್ಕೋರು ಮುಂದೆ ಓಡೋರಂತೆ. ಅಷ್ಟೇ ಗೊತ್ತಾಗಿದ್ದು. ಹೋಗಿ ಹಂಗೇ ಹೇಳು ಅಂದೆ."

ಮುಂದಿನ ಯುಗಾದಿಗೆ ನಾದಿನಿ ಬಂದರು. ಉಳಿದವರು ಒಬ್ಬೊಬ್ಬರಾಗಿ ಬಂದರು. ಬಾರದವರಿಗೆ ಅಕ್ಕಯಮ್ಮ ಎರಡನೆಯ ಸಲ ಹೇಳಿ ಕಳಿಸಲಿಲ್ಲ.

ಈ ಮನೆಗೆ ತನ್ನದೇ ಕೆಲವು ಕಟ್ಟುಗಳಿವೆ. ಆಟ ಮುಗಿಸಿ ಬಂದವರನ್ನು ಊಟಕ್ಕೆ ಮೊದಲು ಗೆದ್ದಿರಾ ಸೋತಿರಾ ಎಂದು ಯಾರೂ ಕೇಳಕೂಡದು. ಎರಡು ತಂಡದವರು ಒಂದೇ ದಿನ ಒಂದೇ ಸೂರಿನಡಿ ಇದ್ದರೆ ಮೊದಲು ಹೊರಗಿನವರಿಗೆ ಬಡಿಸಬೇಕು, ಆಮೇಲೆ ಮನೆ ಹುಡುಗರಿಗೆ. ಬಿಸಿನೀರು, ಕಂಬಳಿ, ಎಣ್ಣೆ, ತುಪ್ಪ, ಯಾವುದು ಸಾಲದೆ ಬಂದರೂ ಬಂದವರಿಗೆ ಮೊದಲು. ಈ ಕೊನೆಯದೇನು ಅಕ್ಕಯಮ್ಮ ಹುಟ್ಟಿಸಿದ ಕಟ್ಟಲ್ಲ, ಈ ಕಡೆಯ ಒಕ್ಕಲು ಮನೆಗಳಲ್ಲೆಲ್ಲ ನಡೆದು ಬಂದದ್ದು. ಮನೆ ಕೆಟ್ಟ ಹೆಸರು ಹೊತ್ತಿದ್ದೂ ಇದರಿಂದಲೇ.

ಅದು 1980ರ ಸಂಕ್ರಾಂತಿ. ತೆಂಕಣದ ಕೋವಿಲ್‌ಪಟ್ಟಿಯ ಕಡೆಯಿಂದ ಬರುವ ಶಾಲಾ ತಂಡಕ್ಕೆ ಆಗ ಸತತ ಮೂರನೇ ವರ್ಷ ಇದೇ ಮನೆ. ಅವರ ಮೇಷ್ಟ್ರು ಷಣ್ಮುಗಯ್ಯ ಮಾತು ಕಡಿಮೆಯ ಮನುಷ್ಯ. ತಂಡದ ನಾಯಕ ಸುಡಲೈಮುತ್ತು ಮಾತ್ರ ಮಾತಿನ ಮಲ್ಲ. ಅಕ್ಕಯಮ್ಮನನ್ನು ತಮ್ಮ ಕಡೆಯ ರೂಢಿಯಂತೆ ‘ಆಚಿ’ ಎಂದು, ಅಂದರೆ ಅಜ್ಜಿ ಎಂದು ಕರೆಯುತ್ತ ಅಡಿಗೆಮನೆ ಬಾಗಿಲಲ್ಲೇ ಕೂರುವವನು. ಮುದ್ದೆಯನ್ನು ಮೊದಲ ವರ್ಷ ಮೂಸಿ ನೋಡಿದ್ದವನು ಮೂರನೇ ವರ್ಷಕ್ಕೆ ಎರಡು ಇಳಿಸುತ್ತಿದ್ದ.

ಸೆಮಿಫೈನಲ್ ದಿನ ಜಿನುಗು ಮಳೆ. ಕೋವಿಲ್‌ಪಟ್ಟಿಯವರು ಗೆದ್ದು ಬಂದರು, ಕೆಸರಲ್ಲಿ ಮುಳುಗಿ ಬಂದರು. ಊರ ತಂಡವೂ ಫೈನಲ್ ಸೇರಿತ್ತು. ಊರ ತಂಡದಲ್ಲಿ ಆಡುತ್ತಿದ್ದ ತಳಿಯ ಹುಡುಗರು ಅದೇ ಮನೆಯ ಪಡಸಾಲೆಯಲ್ಲಿದ್ದರು. ಉಂಡು ಎಲ್ಲರೂ ಬಿದ್ದುಕೊಂಡ ಮೇಲೆ ನರಸಿಂಹಪ್ಪನವರಿಗೆ ಗೋಡೆಗೆ ಒರಗಿಸಿದ್ದ ಒದ್ದೆ ಹಾಕಿ ಕೋಲುಗಳು ಕಣ್ಣಿಗೆ ಬಿದ್ದವು. ರೈತನ ಕಣ್ಣು. ನೆನೆದ ಮರ ಬಿರುಕು ಬಿಡುತ್ತದೆ ಎಂದು ಅದಕ್ಕೆ ಗೊತ್ತು. ಗುದ್ದಲಿ ಕಾವಾಗಲಿ ನೇಗಿಲ ಮೇಳಿಯಾಗಲಿ, ಹರಳೆಣ್ಣೆ ಉಣಿಸಿ ಒಲೆಯ ಮೇಲಿನ ಅಟ್ಟಕ್ಕೆ ಹೊಗೆಗೆ ಕಟ್ಟಿದರೆ ಕಬ್ಬಿಣವಾಗುತ್ತದೆ. ಷಣ್ಮುಗಯ್ಯ ಮೇಷ್ಟ್ರು ಕೋಲಿನ ತುದಿಗೆ ಏನೋ ಎಣ್ಣೆ ತಿಕ್ಕುವುದನ್ನು ಅವರು ನೋಡಿಯೂ ಇದ್ದರು. ಮನೆಯಲ್ಲಿದ್ದದ್ದು ಒಂದು ಕುಡಿಕೆ ಎಣ್ಣೆ. ಎಲ್ಲರ ಕೋಲಿಗೆ ಸಾಲದು. ಸಾಲದಿದ್ದರೆ ಬಂದವರಿಗೆ ಮೊದಲು. ತುದಿಯಿಂದ ಹಿಡಿಯವರೆಗೆ ಹಚ್ಚಿ ತಿಕ್ಕಿ, ನೆಂಟರ ಕೋಲುಗಳನ್ನಷ್ಟೇ ಅಟ್ಟದಲ್ಲಿ ಜೋಡಿಸಿದರು. ಫೈನಲಿನ ಕಜ್ಜಾಯದ ಪಾಕಕ್ಕೆಂದು ಕೆಳಗೆ ಒಲೆ ಉರಿಯುತ್ತಲೇ ಇತ್ತು.

ನೇಗಿಲ ಮೇಳಿ ಒಂದೇ ಮರ. ಹಾಕಿ ಕೋಲು ಎರಡು ತುಂಡು. ಬೆತ್ತದ ಹಿಡಿಯನ್ನು ಮರದ ತಲೆಗೆ ಸೀಳಿ ಕೂರಿಸಿ ಸರೇಸಿನಿಂದ ಅಂಟಿಸಿರುತ್ತಾರೆ. ಸರೇಸು ಕಾವಿಗೆ ಕರಗುತ್ತದೆ ಎಂಬುದು ನರಸಿಂಹಪ್ಪನವರಿಗೆ ಹೇಗೆ ತಿಳಿಯಬೇಕು. ಬೆಳಿಗ್ಗೆ ಕೋಲುಗಳು ಮದುವಣಿಗನ ಹಾಗೆ ಹೊಳೆಯುತ್ತಿದ್ದವು. ಷಣ್ಮುಗಯ್ಯ ಮೇಷ್ಟ್ರು ಕೈಮುಗಿದು ತೆಗೆದುಕೊಂಡರು.

ಹಾಫ್‌ಟೈಮಿನವರೆಗೆ ಕೋವಿಲ್‌ಪಟ್ಟಿ ಒಂದು ಗೋಲು ಮುಂದಿತ್ತು. ಆಮೇಲೆ ಒಬ್ಬನ ಕೈಯಿಂದ ಕೋಲು ಜಾರಿ ಹಾರಿತು. ಇನ್ನೊಬ್ಬನದು ಹಿಡಿಯಲ್ಲೇ ಅಲ್ಲಾಡತೊಡಗಿತು. ಸುಡಲೈಮುತ್ತು ಚೆಂಡಿಗೆ ಬೀಸಿದಾಗ ಬೆತ್ತ ಅವನ ಕೈಯಲ್ಲಿ ಉಳಿಯಿತು, ತಲೆ ಚೆಂಡಿನ ಹಿಂದೆ ಓಡಿತು. ಬಯಲೆಲ್ಲ ಬಿದ್ದು ಬಿದ್ದು ನಕ್ಕಿತು. ಎರವಲು ಕೋಲು ತರುವಷ್ಟರಲ್ಲಿ ಊರ ತಂಡ ಎರಡು ಗೋಲು ಹೊಡೆದಿತ್ತು. ಏಳು ವರ್ಷದಲ್ಲಿ ಒಮ್ಮೆಯೂ ಕಾಣದ ಕಪ್ ಊರಿಗೆ ಬಂತು.

ಸಂಜೆಯೊಳಗೆ ಕಾರಣ ಊರಿಗೆಲ್ಲ ಗೊತ್ತಾಯಿತು. ಕಾರಣ ಗೊತ್ತಾದದ್ದೇ ತಡ, ಕಥೆ ಬೇರೆಯಾಯಿತು. ಏನು ತಲೆ ನರಸಿಂಹಪ್ಪನದು, ಉಣ್ಣಿಸಿ ಮಲಗಿಸಿ ಕೋಲಿಗೇ ಕೈ ಇಟ್ಟ ಎಂದರು. ಇಲ್ಲ, ಒಳ್ಳೇದಕ್ಕೇ ಹಚ್ಚಿದೆ ಎಂದು ಅವರು ಹೇಳಿದರೆ, ಹಾಗಾದರೆ ನಮ್ಮ ಹುಡುಗರ ಕೋಲು ಯಾಕೆ ಮುಟ್ಟಲಿಲ್ಲ ಎಂದು ಕಣ್ಣು ಹೊಡೆದರು. ಬಂದವರಿಗೆ ಮೊದಲು ಎಂಬ ಕಟ್ಟನ್ನು ಮನೆಮನೆಯಲ್ಲೂ ಪಾಲಿಸುವ ಊರು, ಅಂದು ಅದೊಂದನ್ನು ಮರೆತುಬಿಟ್ಟಿತು. ಕೋವಿಲ್‌ಪಟ್ಟಿಯವರು ಗಂಟುಮೂಟೆ ಕಟ್ಟುವಾಗ ಬೀದಿಯಲ್ಲಿ ನರಸಿಂಹಪ್ಪನವರ ಹೆಗಲಿಗೆ ಹಾರ ಬೀಳುತ್ತಿತ್ತು. ಸುಡಲೈಮುತ್ತು ಹೊಸ್ತಿಲು ದಾಟುವಾಗ ಆಚಿ ಎನ್ನಲಿಲ್ಲ, ತಲೆ ಎತ್ತಲಿಲ್ಲ. ಕಜ್ಜಾಯದ ಪೊಟ್ಟಣ ಜಗಲಿಯ ಮೇಲೆ ಇಟ್ಟಲ್ಲೇ ಇತ್ತು.

ಮಾರನೆಯ ದಿನ ಕಮಿಟಿಯವರು ಅಕ್ಕಯಮ್ಮನಿಗೊಂದು ಸೀರೆ ತಂದರು. ಅವರ ಹೆಸರು ಮೈಕಿನಲ್ಲಿ ಬಂದದ್ದು ಆಗಲೇ, ಅದೊಂದು ಸಲವೇ. ಸೀರೆಯನ್ನು ಅವರು ಮಡಿಕೆ ಬಿಚ್ಚದೆ ಹಿಂದಕ್ಕೆ ಕೊಟ್ಟರು. "ಕಳ್ಳತನಕ್ಕೆ ಸೀರೆ ಉಡ್ಸಾಕೆ ಬಂದಿದ್ದೀರಾ? ನನ್ ಗಂಡ ದಡ್ಡ ಅನ್ನಿ, ಒಪ್ಕತೀನಿ. ಕಳ್ಳ ಅಂತ ಹೊಗಳ್ಬ್ಯಾಡಿ."

ಬಾವಿಕಟ್ಟೆಯಲ್ಲಿ ಹೇಳಿದರು, ಹಿಟ್ಟಿನ ಗಿರಣಿಯಲ್ಲಿ ಹೇಳಿದರು. ಯಾರೂ ನಂಬಲಿಲ್ಲ. ಗಂಡನ ಗುಟ್ಟು ಕಾಯ್ತಾಳೆ ಗರತಿ ಎಂದು ಮೆಚ್ಚಿಕೊಂಡರು. ಬೈದರೆ ಎದುರು ನಿಂತು ಬೈಯಬಹುದು, ಮೆಚ್ಚಿಕೊಂಡವರನ್ನು ಏನು ಮಾಡುವುದು.

ನರಸಿಂಹಪ್ಪನವರೂ ಪಾಪ, ಒಂದು ವಾರ ಒದ್ದಾಡಿದರು. ಆಮೇಲೆ ಆದದ್ದನ್ನು ಅವರ ಬಾಯಲ್ಲೇ ಕೇಳಬೇಕು. "ಹೇಳ್ದಷ್ಟೂ ನಗ್ತಾರೆ. ಎಂಥಾ ಗುಟ್ಟಿನ ಮನುಷ್ಯ ಅಂತಾರೆ. ಹೋಟ್ಲಾಗೆ ಕರ್ದು ಕಾಫಿ ಕೊಡ್ಸಾಕೆ ಸುರು ಮಾಡಿದ್ರು. ಮೂವತ್ತು ವರ್ಸ ಹೊಲ ಉತ್ತಿದ್ದೀನಿ, ಒಬ್ಬ ಕಾಫಿ ಕೊಡ್ಸಿರ್ಲಿಲ್ಲ. ಕಾಫಿ ಬಂದ್ಮ್ಯಾಲೆ ಬಾಯಿ ಮುಚ್ಕಂಬುಟ್ಟೆ."

ಅವರು ಬಾಯಿ ಮುಚ್ಚಿದಲ್ಲಿಂದ ಅಕ್ಕಯಮ್ಮನ ಜಗಳ ಶುರು. ಕೋವಿಲ್‌ಪಟ್ಟಿಗೆ ಒಂದು ಕಾಗದ ಹೋಗಬೇಕು, ನಡೆದದ್ದನ್ನು ನಡೆದ ಹಾಗೆ ತಿಳಿಸಬೇಕು ಎಂಬುದು ಅವರ ಹಟ. ಸೊಸೆ ರಾಮಲಕ್ಷ್ಮಮ್ಮ ರಾಯಕೋಟೆಯ ತಮಿಳು ಶಾಲೆಯಲ್ಲಿ ಓದಿದವರು. ಅತ್ತೆ ಕನ್ನಡದಲ್ಲಿ ಹೇಳಿದ್ದನ್ನು ತಮಿಳಿನಲ್ಲಿ ಇನ್‌ಲ್ಯಾಂಡ್ ಪತ್ರದ ಮೇಲೆ ಅಂದೇ ಬರೆದುಕೊಟ್ಟರು. ಅಂಚೆಗೆ ಹಾಕುವುದೊಂದು ಬಾಕಿ. ಆದರೆ ಎಣ್ಣೆ ಹಚ್ಚಿದ ಕೈ ಯಾವುದೋ ಅದೂ ಹೂಂ ಅನ್ನಬೇಕು, ಒಂದು ಮನೆಯಿಂದ ಎರಡು ಮಾತು ಹೋಗಬಾರದು ಎಂದು ಅಕ್ಕಯಮ್ಮ ತಡೆದರು. ನರಸಿಂಹಪ್ಪನವರು ಇರಲಿ, ಊರ ಬಿಸಿ ಆರಲಿ ಎಂದರು. ಬಿತ್ತನೆ ಬಂತು, ಕುಯ್ಲು ಬಂತು. ಮುಂದಿನ ಸಂಕ್ರಾಂತಿ ಬಂತು, ಕೋವಿಲ್‌ಪಟ್ಟಿಯವರು ಬರಲಿಲ್ಲ. ಊರಿನವರು ಅದಕ್ಕೂ ನಕ್ಕರು. ಕಾಗದ ಸೊಸೆಯ ಟ್ರಂಕಿನಲ್ಲಿ ಮಲಗಿತು.

ಜಗಳದಲ್ಲಿ ಅಕ್ಕಯಮ್ಮನ ಪಕ್ಷಕ್ಕೆ ಒಬ್ಬನೇ ಒಬ್ಬ ಬಂದ. ಆ ಫೈನಲಿನಲ್ಲಿ ಎರಡನೆಯ ಗೋಲು, ಗೆಲುವಿನ ಗೋಲು ಹೊಡೆದ ತಳಿಯ ವೆಂಕಟಸ್ವಾಮಿ. ಎರಡು ವರ್ಷ ಕಳೆದು ಈಗ ಊರ ತಂಡಕ್ಕೆ ಅವನೇ ನಾಯಕ, ಈ ಸಲ ಕಳೆದರೆ ಅವನಿಗೆ ವಯಸ್ಸು ಮೀರುತ್ತದೆ. ಈ ಬೆಳಿಗ್ಗೆ ಬಯಲಿಗೆ ಹೊರಡುವ ಮುಂಚೆ ಕಾಲಿಗೆ ಪಟ್ಟಿ ಸುತ್ತುತ್ತ ಹೇಳುತ್ತಾನೆ: "ಎಲ್ರೂ ಬೆನ್ನು ತಟ್ತಾರೆ. ಗೋಲು ಹೊಡ್ದಿದ್ದು ನಾನೋ ಎಣ್ಣೆಯೋ ನಂಗೇ ಗೊತ್ತಿಲ್ಲ. ಆ ಸುಡಲೈ ಕೈಯಾಗೆ ಸರಿಯಾದ ಕೋಲಿದ್ದಾಗ ಒಂದ್ಸಲ ದಾಟ್ಕಂಡು ಹೋಗ್ಬೇಕಿತ್ತು."

"ದಾಟಾಕಾಗ್ತಿರ್ಲಿಲ್ಲ ಕಣ್ಲಾ," ಎನ್ನುತ್ತಾರೆ ಅಕ್ಕಯಮ್ಮ, ಅವನ ಮುಂದೆ ಬಿಸಿ ಗಂಜಿಯ ಲೋಟ ಇಡುತ್ತ.

"ಆಗ್ತಿರ್ಲಿಲ್ವೇನೋ. ಅದಾದ್ರೂ ಗೊತ್ತಾಗ್ತಿತ್ತಲ್ಲಜ್ಜಿ."

ಬಿಸಿಲು ಮಂಜನ್ನು ಒಡೆಯುವ ಹೊತ್ತಿಗೆ ಸೈಕಲ್ ಗಂಟೆ ಕೇಳುತ್ತದೆ. ಕಮಿಟಿಯ ಕಾರ್ಯದರ್ಶಿ ಅಶ್ವತ್ಥಪ್ಪ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ, ಎರಡನೇ ಶಿಫ್ಟಿಗೆ ಹೋಗುವ ಖಾಕಿಯಲ್ಲೇ ಬಂದಿದ್ದಾರೆ. ನರಸಿಂಹಪ್ಪನವರಿಗೆ ದಾಯಾದಿ ತಮ್ಮ. ಪಡಸಾಲೆಯಲ್ಲಿ ಅಣ್ಣನ ಪಕ್ಕ ಕೂತು, ಯಾವ ತಂಡ ಯಾವ ಮನೆಗೆ ಎಂದು ಹೇಳುತ್ತಾರೆ.

"ಅತ್ಗೆ, ನಿಮ್ಗೆ ಸೇಲಂನೋರು."

ಅಕ್ಕಯಮ್ಮ ಬೋಗುಣಿ ಹಿಡಿದುಕೊಂಡೇ ಬಾಗಿಲಿಗೆ ಬರುತ್ತಾರೆ. "ಕೋವಿಲ್‌ಪಟ್ಟಿಯೋರು ಈ ಸಲಾನೂ ಬರಾಕಿಲ್ವಾ?"

"ಬತ್ತಾವ್ರೆ. ಆದ್ರೆ ಯಾರ ಮನೇನೂ ಬ್ಯಾಡ್ವಂತೆ. ಸ್ಕೂಲ್ ಜಗ್ಲಿ ಮ್ಯಾಲೆ ಮಲಗ್ತೀವಿ, ನಮ್ಮ ಗಂಜಿ ನಾವೇ ಕಾಯ್ಸ್ಕಂತೀವಿ ಅಂತ ಆ ಮೇಷ್ಟ್ರು ಬರ್ದವ್ರೆ. ನೋಡಣ್ಣ, ಹೆಂಗ್ ಹೆದರ್ಸಿಟ್ಟಿದ್ದೀಯ." ಅಶ್ವತ್ಥಪ್ಪ ನರಸಿಂಹಪ್ಪನವರ ತೊಡೆ ತಟ್ಟಿ ನಗುತ್ತಾರೆ. ನರಸಿಂಹಪ್ಪನವರೂ ನಗುತ್ತಾರೆ. ಚೀಲದಿಂದ ಒಂದು ಬಾಟಲಿ ತೆಗೆದು ಹೊಸ್ತಿಲ ಮೇಲೆ ಇಡುತ್ತಾರೆ ಅಶ್ವತ್ಥಪ್ಪ. ತುಂಬ ಹರಳೆಣ್ಣೆ. "ಕಮಿಟಿ ಲೆಕ್ಕದಾಗೆ ತಂದಿದ್ದೀನಿ. ಸೇಲಂನೋರೂ ಜೋರಾಗವ್ರಂತೆ."

ಅಕ್ಕಯಮ್ಮ ಬಾಟಲಿಯ ಕಡೆ ನೋಡುವುದಿಲ್ಲ. "ಪುಷ್ಯದ ಚಳೀಲಿ ಜಗ್ಲಿ ಮ್ಯಾಲೆ, ಹದಿನಾರು ಹುಡುಗ್ರು," ಎನ್ನುತ್ತಾರೆ.

"ಅವ್ರೇ ಕೇಳಿದ್ದಲ್ವಾ ಅತ್ಗೆ."

"ಒಂದು ಕೆಲ್ಸ ಮಾಡಪ್ಪ. ಮೊದಲ್ನೇ ದಿನ ಮೈಕಿನಾಗೆ ಹೇಳು. ಆವತ್ತಿಂದು ಬೇಕಂತ ಮಾಡಿದ್ದಲ್ಲ, ತಿಳೀದೆ ಆಗಿದ್ದು, ಆ ಕಪ್ಪನ್ನ ನಾವು ಗೆದ್ದಂಗಲ್ಲ, ಇನ್ನೊಂದ್ಸಲ ಆಡಾನ ಅಂತ. ಅಷ್ಟು ಹೇಳು, ಸೇಲಂನೋರ್ಗೂ ಹಾಕ್ತೀನಿ, ಇನ್ನೆರಡು ಟೀಮಿಗೂ ಹಾಕ್ತೀನಿ."

"ಅದಾಗಾಕಿಲ್ಲ. ಬಂದಿರಾದೇ ಒಂದು ಕಪ್ಪು. ಸ್ಕೂಲ್ ಬೀರುನಾಗೆ ಇಟ್ಟಿದ್ದೀವಿ. ಊರ್ ಮಾನ ಅತ್ಗೆ ಅದು."

"ಊರ್ ಮಾನ ಬೀರುನಾಗಿಟ್ಟು ಬೀಗ ಹಾಕ್ಕಂಡಿದ್ದೀರಿ. ನನ್ ಮನೆ ಮಾನ ಸ್ಕೂಲ್ ಜಗ್ಲಿ ಮ್ಯಾಲೆ ಮಲಗಾಕೆ ಬತ್ತಾ ಐತೆ."

ಅಶ್ವತ್ಥಪ್ಪ ಟೋಪಿ ಸರಿಮಾಡಿಕೊಳ್ಳುತ್ತಾರೆ. "ನೀವು ಹಿಂಗೆ ಹಟ ಮಾಡಿದ್ರೆ ಕಮಿಟಿ ಮುಂದೆ ಈ ಮನೆಗೆ ಟೀಮೇ ಕೊಡಾಕಿಲ್ಲ. ತಳಿ ಹುಡುಗ್ರನ್ನೂ ಬ್ಯಾರೆ ಕಡೆ ಹಾಕ್ಬೇಕಾಗ್ತದೆ."

"ಹಾಕು. ಅವ್ರು ಇರಾಕೆ ಒಪ್ಪಿದ್ರೆ ಹಾಕು. ಇದನ್ನೂ ತಗೊಂಡೋಗು." ಬಾಟಲಿಯನ್ನು ಎತ್ತಿ ಅವರ ಕೈಗಿಡುತ್ತಾರೆ. "ಮಲಗಾಗ ಎರಡು ಚಮಚ ಕುಡಿ. ಹೊಟ್ಟೇಲಿರಾದೆಲ್ಲ ಬೆಳಿಗ್ಗೆ ಈಚೆಗೆ ಬತ್ತದೆ."

ಸೊಸೆ ಒಳಗೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ಸೈಕಲ್ ಹೋಗುತ್ತದೆ. ನರಸಿಂಹಪ್ಪನವರು ಕೂತಲ್ಲೇ ಇದ್ದಾರೆ, ಮುಖದಲ್ಲಿ ನಗು ಹಾಗೇ ಉಳಿದಿದೆ, ಎತ್ತಿಡಲು ಮರೆತ ಸಾಮಾನಿನ ಹಾಗೆ.

"ಲಕ್ಷ್ಮಿ, ಆ ಕಾಗ್ದ ತಗಿ," ಎನ್ನುತ್ತಾರೆ ಅಕ್ಕಯಮ್ಮ. "ಇವ್ರ ಹೂಂಗೆ ಕಾದು ಕಾದು ಎರಡು ವರ್ಸ ಆಗ್ತಾ ಬಂತು. ಇನ್ನು ಕಾಯಾಕಿಲ್ಲ."

ರಾಮಲಕ್ಷ್ಮಮ್ಮ ಟ್ರಂಕಿನಿಂದ ಕಾಗದ ತಂದು ಬಿಡಿಸಿ ಓದುತ್ತಾರೆ. ಅದರಲ್ಲಿ ಗೋಗರೆಯುವ ಮಾತಿಲ್ಲ. ನಿಮ್ಮ ಕೋಲಿಗೆ ಎಣ್ಣೆ ಹಚ್ಚಿ ಅಟ್ಟಕ್ಕೆ ಕಟ್ಟಿದ್ದು ನಮ್ಮ ಯಜಮಾನರು. ನಮ್ಮ ನೇಗಿಲಿಗೆ ಏನು ಮಾಡುತ್ತೇವೋ ಅದನ್ನು ಮಾಡಿದರು. ನಿಮ್ಮದಕ್ಕೆ ಮಾತ್ರ ಮಾಡಿದ್ದು ಎಣ್ಣೆ ಕಡಿಮೆ ಇತ್ತು, ನೀವು ನೆಂಟರು ಅಂತ. ಊರು ಏನೇ ಹೇಳಲಿ, ನಮ್ಮ ಮನೆ ಅದನ್ನು ಗೆಲುವು ಎಂದು ಒಪ್ಪಿಲ್ಲ. ಇಷ್ಟೇ.

"ಅತ್ತೆ, ತಾರೀಖು ಹಳೇದು. ಬ್ಯಾರೆ ಬರೀಲಾ?"

"ಬ್ಯಾಡ. ಹೇಳಾಕೆ ಎರಡು ವರ್ಸ ತಡ ಮಾಡಿದ್ವಿ ಅನ್ನಾದೂ ಅವ್ರಿಗೆ ಗೊತ್ತಾಗ್ಲಿ. ಕೆಳಗೆ ಒಂದ್ ಮಾತು ಸೇರ್ಸು. ಜಗ್ಲಿ ಬ್ಯಾಡ, ಮನೆಗೆ ಬನ್ನಿ. ಕೋಲು ನಿಮ್ಮ ತಲೆದೆಸೇಲೇ ಇಟ್ಕಳಿ, ಯಾರೂ ಮುಟ್ಟಾಕಿಲ್ಲ. ನಮ್ ವೆಂಕಟಸ್ವಾಮಿ ನಿಮ್ಮ ಮ್ಯಾಲೆ ಇನ್ನೊಂದ್ಸಲ ಆಡ್ಬೇಕಂತೆ."

ಸೊಸೆ ಬರೆಯುತ್ತಾರೆ. ಮಡಿಸಿ, ಅನ್ನದ ಅಗುಳು ತಿಕ್ಕಿ ಅಂಟಿಸುತ್ತಾರೆ. ಕಳಿಸುವವರ ಹೆಸರು ಬರೆಯುವ ಜಾಗದಲ್ಲಿ ಕೈ ನಿಲ್ಲಿಸಿ ಪಡಸಾಲೆಯ ಕಡೆ ನೋಡುತ್ತಾರೆ. ಈ ಮನೆಯಿಂದ ಹೋದ ಕಾಗದವೆಲ್ಲ ಇದುವರೆಗೆ ಯಜಮಾನರ ಹೆಸರಲ್ಲೇ ಹೋದದ್ದು.

"ನನ್ ಹೆಸ್ರು ಹಾಕು," ಎನ್ನುತ್ತಾರೆ ಅಕ್ಕಯಮ್ಮ. "ಮನೆಗೆ ಕರ್ದು ಉಣ್ಣಾಕಿಕ್ಕಿದೋಳು ನಾನು."

ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಡುತ್ತಾರೆ. ಅಂಚೆ ಕಚೇರಿ ಬಸ್ ನಿಲ್ಲುವ ಕಡೆ. ದಾರಿಯಲ್ಲಿ ಹೋಟೆಲಿನ ಮುಂದೆ ಕೂತವರು, ಏನಕ್ಕಯಮ್ಮ, ಈ ಸಲ ಎಣ್ಣೆ ಯಾವ ಗಾಣದ್ದು ಎಂದು ಕೇಳುತ್ತಾರೆ. ಕೈಯಲ್ಲಿದ್ದ ಕಾಗದವನ್ನು ಎತ್ತಿ ತೋರಿಸಿ, "ಕೋವಿಲ್‌ಪಟ್ಟಿಗೆ ಬರ್ದಿದ್ದೀನಿ, ನಮ್ಮೂರು ಗೆದ್ದಿಲ್ಲ ಅಂತ," ಎನ್ನುತ್ತಾರೆ. ನಗುತ್ತಿದ್ದವರಲ್ಲಿ ಅರ್ಧ ಜನ ಲೋಟ ಕೆಳಗಿಡುತ್ತಾರೆ. ಒಬ್ಬ ಎದ್ದು ನಿಲ್ಲುತ್ತಾನೆ. ಅವರು ನಡಿಗೆ ನಿಧಾನ ಮಾಡುವುದಿಲ್ಲ.

ಅಂಚೆ ಕಚೇರಿಯ ಮೆಟ್ಟಿಲ ಹತ್ತಿರ ಹಿಂದಿನಿಂದ ಏದುಸಿರು ಕೇಳುತ್ತದೆ.

"ನಿಲ್ಲೇ," ಎನ್ನುತ್ತಾರೆ ನರಸಿಂಹಪ್ಪನವರು. "ನಂದೂ ಹೆಸ್ರು ಹಾಕ್ತೀನಿ."

"ಹೋಟ್ಲ ಮುಂದೇನೇ ಬಂದ್ಯಾ?"

"ಹೂಂ. ಎಲ್ರೂ ನೋಡಿದ್ರು."

"ಇನ್ ಕಾಫಿ ಕೊಡ್ಸಾಕಿಲ್ಲ ನಿಂಗೆ."

"ಮನೇಲಿ ಕಾಯ್ಸ್ಕೊಡು." ಅವರು ಮೆಟ್ಟಿಲ ಮೇಲೆ ಕೂತು ಉಸಿರು ತಗೊಳ್ಳುತ್ತಾರೆ. "ಅಶ್ವತ್ಥ ನಗಾವಾಗ ನಂಗೂ ನಗು ಬಂತು ಕಣೆ. ನಗ್ತಾ ನಗ್ತಾ ಆ ಹುಡ್ಗನ ಮೊಖ ನೆಪ್ಪಾಯ್ತು. ಬೆತ್ತ ಹಿಡ್ಕಂಡು ನಿಂತಿದ್ನಲ್ಲ, ಆ ಮೊಖ."

ಅಂಚೆ ಕಚೇರಿಯ ಮೇಜಿಗೆ ದಾರದಲ್ಲಿ ಕಟ್ಟಿದ ಲೇಖನಿಯಿದೆ. ಮೂರನೇ ಕ್ಲಾಸಿನವರೆಗೆ ಓದಿದ ಕೈ ಅದನ್ನು ಗುದ್ದಲಿ ಹಿಡಿದಂತೆ ಹಿಡಿಯುತ್ತದೆ. ಎಲ್ಲಿ ಹಾಕಲಿ ಎಂದು ಕೇಳುತ್ತಾರೆ.

"ಕೆಳಗೆ ಹಾಕು. ಮ್ಯಾಲೆ ನಂದೈತೆ."

ಅಕ್ಷರ ಅಕ್ಷರಕ್ಕೂ ನಿಂತು ಅವರು ಹೆಸರು ಮುಗಿಸುತ್ತಾರೆ. ಕರೆದ್ರೂ ಮನೆಗೆ ಬರದೇ ಇರಬಹುದಲ್ಲ ಅವರು, ಹಾಗಾದರೆ ಏನು ಮಾಡ್ತೀಯಮ್ಮ ಎಂದು ಒಳಗಿನಿಂದ ಪೋಸ್ಟ್ ಮಾಸ್ಟರು ಕೇಳುತ್ತಾರೆ, ಆಗಲೇ ಊರಿಗೆಲ್ಲ ಸುದ್ದಿ.

"ಮನೆಗೆ ಬಂದ್ರೆ ಮನೇಲಿ ಬಡುಸ್ತೀನಿ. ಬರ್ದೆ ಹೋದ್ರೆ ಹದಿನಾರು ಜನದ ಅನ್ನ ತಲೆ ಮ್ಯಾಲೆ ಹೊತ್ಕಂಡು ಆ ಜಗ್ಲಿಗೇ ಹೋಗ್ತೀನಿ. ಉಣ್ಣಾದು ಬಿಡಾದು ಅವ್ರಿಷ್ಟ. ಬಡ್ಸಾದು ನನ್ ಕೆಲ್ಸ."

ಮಸಿ ಆರುವವರೆಗೆ ಅಕ್ಕಯಮ್ಮ ಕಾಗದವನ್ನು ಬಿಸಿಲಿಗೆ ಹಿಡಿದು ನಿಲ್ಲುತ್ತಾರೆ. ಆಮೇಲೆ ಕೆಂಪು ಡಬ್ಬದ ಬಾಯಿಗೆ ಮೊಣಕೈವರೆಗೆ ಕೈ ತೂರಿಸಿ, ಕಾಗದ ತಳ ಮುಟ್ಟಿದ್ದು ಕೇಳಿಸಿಕೊಂಡ ಮೇಲೆಯೇ ಕೈ ತೆಗೆಯುತ್ತಾರೆ.